ಎಣಿಸಬಲ್ಲವರ ಕಲೆ

‘ಅವಳ ಕೈಯಲ್ಲಿ ಕಲೆ ಇದೆ’ ಎಂದು ಒಬ್ಬಾಕೆಯನ್ನು ಮೆಚ್ಚಿ ಮಾತಾಡುವಾಗ, ಪಕ್ಕದಲ್ಲಿ ಕುಳಿತ ಇನ್ನೊಬ್ಬಾಕೆಯ ಕೈಯಲ್ಲಿ ಅದಿಲ್ಲ ಎಂಬ ತೀರ್ಪನ್ನೂ ನಾವು ಹೇಳದೆಯೇ ಹೇಳಿಬಿಟ್ಟಿರುತ್ತೇವೆ. ನಾನು ಆ ಇನ್ನೊಬ್ಬಾಕೆಯ ಗುಂಪಿಗೆ ಸೇರಿದವಳು. ನನ್ನ ಕೈಯಲ್ಲಿರುವ ಕಲೆಯೆಂದರೆ ಕೆಂಪು ಮಸಿಯದು, ಸೀಮೆಸುಣ್ಣದ್ದು. ಸೋಪು ಹಚ್ಚಿ ತಿಕ್ಕಿದರೆ ಹೋಗುವಂಥದು. ಸಮಾಜ ವಿಜ್ಞಾನದ ಪಾಠಕ್ಕೆಂದು ಕಪ್ಪು ಹಲಗೆಯ ಮೇಲೆ ನಾನು ಬರೆಯುವ ಭಾರತದ ನಕಾಶೆಯಲ್ಲಿ ಗುಜರಾತ್ ಎಲ್ಲಿದೆಯೆಂದು ಮಕ್ಕಳೇ ಊಹಿಸಿಕೊಳ್ಳಬೇಕು. ಹಾಡಲು ಕುಳಿತರೆ ಶ್ರುತಿಗೂ ನನಗೂ ಆಗಿಬರುವುದಿಲ್ಲ.

ನಮ್ಮಂಥವರಿಗೆ ಐವತ್ತು ದಾಟುವ ಹೊತ್ತಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಮಕ್ಕಳು ಓದಿಗೋ ಕೆಲಸಕ್ಕೋ ಬೇರೆ ಊರು ಸೇರಿರುತ್ತಾರೆ. ಸಂಜೆಯ ಹೊತ್ತು ಮನೆ ಬಿಕೋ ಎನ್ನುತ್ತದೆ. ‘ಏನಾದರೂ ಹವ್ಯಾಸ ಇಟ್ಟುಕೊಳ್ಳಿ’ ಎಂದು ಡಾಕ್ಟರೂ ಹೇಳುತ್ತಾರೆ, ಮಗಳೂ ಫೋನಿನಲ್ಲಿ ಹೇಳುತ್ತಾಳೆ. ಯಾವುದು ಎಂದು ಕೇಳಿದರೆ, ಚಿತ್ರ ಬರೆಯಿರಿ, ವೀಣೆ ಕಲಿಯಿರಿ, ಮನಸ್ಸಿದ್ದರೆ ಮಾರ್ಗ ಎನ್ನುತ್ತಾರೆ. ಈ ಗಾದೆಯ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಮನಸ್ಸಿದ್ದೂ ಕೈ ಓಡದ ಎಷ್ಟೋ ಮಕ್ಕಳನ್ನು ಶಾಲೆಯಲ್ಲಿ ಕಂಡಿದ್ದೇನೆ. ಅವರಿಗೆ ‘ನಿನ್ನ ಪ್ರಯತ್ನ ಸಾಲದು’ ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು.

ಆದರೆ ‘ಕಲೆ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯಾವುದು? ಖಾಲಿ ಹಾಳೆಯ ಮೇಲೆ ಯಾವ ಆಸರೆಯೂ ಇಲ್ಲದೆ, ಕಂಡದ್ದನ್ನು ಕಂಡ ಹಾಗೆಯೇ ಮೂಡಿಸುವ ಕೈ. ಆ ಒಂದೇ ಬಗೆಯ ಕೈಯನ್ನು ಅಳತೆಗೋಲು ಮಾಡಿಕೊಂಡು ಉಳಿದವರನ್ನೆಲ್ಲ ಪ್ರೇಕ್ಷಕರ ಸಾಲಿಗೆ ಕಳಿಸಿದ್ದೇವೆ. ನಮ್ಮ ಮನೆಗಳಲ್ಲಿಯೇ ಬಹುಕಾಲದಿಂದ ನಡೆದುಬಂದಿರುವ ಎರಡು ಕಲೆಗಳು ಈ ಅಳತೆಗೆ ಸಿಗುವುದಿಲ್ಲ. ಒಂದು ಚುಕ್ಕಿ ರಂಗೋಲಿ, ಇನ್ನೊಂದು ಕಸೂತಿ. ಎರಡಕ್ಕೂ ಬೇಕಾದದ್ದು ಎಣಿಕೆ.

ಮೊದಲು ರಂಗೋಲಿಯನ್ನು ನೋಡೋಣ. ನಡುವೆ ಏಳು ಚುಕ್ಕಿಗಳ ಸಾಲು ಇಟ್ಟು, ಮೇಲೂ ಕೆಳಗೂ ಸಂದಿಗೊಂದರಂತೆ ಆರು, ಐದು, ನಾಲ್ಕು ಚುಕ್ಕಿಗಳನ್ನು ಇಡುತ್ತಾ ಹೋದರೆ ಒಟ್ಟು 37 ಚುಕ್ಕಿಗಳಾಗುತ್ತವೆ. ಹದಿನೈದರಿಂದ ಎಂಟಕ್ಕೆ ನಿಲ್ಲಿಸಿದರೆ 169. ಇಷ್ಟರಲ್ಲಿ ಅರ್ಧ ಕೆಲಸ ಮುಗಿದ ಹಾಗೆಯೇ. ಕೈ ನಡುಗಿದರೂ ಗೆರೆ ದಾರಿ ತಪ್ಪದಂತೆ ಚುಕ್ಕಿಗಳು ಕಾಯುತ್ತವೆ. ಹಾಗೆಂದು ಅದು ಬರೀ ಯಾಂತ್ರಿಕವೇ? ಅದೇ 37 ಚುಕ್ಕಿಗಳಿಂದ ಒಬ್ಬಳು ನಕ್ಷತ್ರ ತೆಗೆಯುತ್ತಾಳೆ, ಇನ್ನೊಬ್ಬಳು ತಾವರೆ ತೆಗೆಯುತ್ತಾಳೆ, ಮೂರನೆಯವಳು ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಬಳಸಿಕೊಂಡು ಹೋಗುವ ಬಳ್ಳಿ ಎಳೆಯುತ್ತಾಳೆ. ಚುಕ್ಕಿ ಎಲ್ಲರಿಗೂ ಒಂದೇ, ಕೂಡಿಸುವ ಬುದ್ಧಿ ಮಾತ್ರ ಅವರವರದು. ನೆರೆಯ ತಮಿಳುನಾಡಿನ ಕೋಲಂ ಇದರ ಅಕ್ಕನೋ ತಂಗಿಯೋ ಆಗಬೇಕು. ಮದ್ರಾಸಿನ ವಿದ್ವಾಂಸರಾದ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು 1974ರಲ್ಲಿ ಆ ಕೋಲಂಗಳನ್ನೇ ಆಧಾರವಾಗಿಟ್ಟುಕೊಂಡು ಗಣಿತದ ಪ್ರಬಂಧ ಬರೆದರು. ಭಾಷೆಗೆ ವ್ಯಾಕರಣ ಇರುವಂತೆ ಈ ಚಿತ್ರಗಳಿಗೂ ವ್ಯಾಕರಣ ಇದೆಯೆಂಬುದು ಅವರು ಹಿಡಿದ ಎಳೆ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದ ಹೆಂಗಸು ಬೆರಳಿನಲ್ಲಿ ಮಾಡುತ್ತಿದ್ದದ್ದು ಕಾಲೇಜಿನ ಪಂಡಿತರಿಗೂ ಯೋಚನೆಗೆ ಹಚ್ಚಿತು.

ಆದರೆ ನಮ್ಮ ಊರುಗಳ ರಂಗೋಲಿ ಸ್ಪರ್ಧೆಗಳಲ್ಲಿ ಈಗ ಈ ವ್ಯಾಕರಣಕ್ಕೆ ಬೆಲೆ ಇಲ್ಲ. ಕೆಲವು ವರ್ಷಗಳ ಹಿಂದೆ ನಾನು ನೋಡಲು ಹೋಗಿದ್ದ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂದ ಮೂರೂ ರಂಗೋಲಿಗಳು ಫೋಟೋದಂತಿದ್ದವು. ಒಂದರಲ್ಲಿ ದೇವರ ಮುಖ, ಒಂದರಲ್ಲಿ ನಾಯಕರೊಬ್ಬರ ಮುಖ, ಇನ್ನೊಂದರಲ್ಲಿ ನೀರು ಹೊತ್ತ ಹೆಣ್ಣು. ಬಣ್ಣದ ಪುಡಿಯಲ್ಲಿ ಅಷ್ಟು ನಯವಾಗಿ ನೆರಳು ಬೆಳಕು ತರುವುದು ಸಣ್ಣ ಮಾತಲ್ಲ. ಅವರ ಪರಿಶ್ರಮಕ್ಕೆ ನನ್ನ ಗೌರವವಿದೆ. ಆದರೆ ಮೂಲೆಯಲ್ಲಿ ಅರವತ್ತು ಸಮೀಪಿಸಿದ ಗೃಹಿಣಿಯೊಬ್ಬರು ಹದಿನೈದು ಚುಕ್ಕಿಯ ರಂಗೋಲಿಯನ್ನು ಬರೀ ಬಿಳಿಯ ಪುಡಿಯಲ್ಲಿ, ಎಲ್ಲಿಯೂ ಗೆರೆ ಕಡಿಯದಂತೆ ಹಾಕಿದ್ದರು. ನಾಲ್ಕೂ ದಿಕ್ಕಿನಿಂದ ನೋಡಿ ಬಂದೆ. ಒಂದು ಕಡೆಯ ತಿರುವು ಎದುರು ಕಡೆಯ ತಿರುವಿಗೆ ಸರಿಯಾಗಿ ಉತ್ತರ ಹೇಳುತ್ತಿತ್ತು. ತೀರ್ಪುಗಾರರು ಅದರ ಮುಂದೆ ನಿಲ್ಲಲೇ ಇಲ್ಲ. ‘ಇದು ಪುಸ್ತಕದಲ್ಲಿ ಇರುವುದೇ, ಹೊಸದೇನಿದೆ?’ ಎಂದರಂತೆ. ಮರುವರ್ಷ ಆಕೆ ಬರಲಿಲ್ಲ. ಈಗ ಅವರ ಹೊಸಿಲಲ್ಲಿಯೂ ಅಂಗಡಿಯಿಂದ ತಂದು ಅಂಟಿಸಿದ ಸ್ಟಿಕ್ಕರ್ ಇದೆ. ಒಂದು ತಪ್ಪು ಅಳತೆಗೋಲು ಒಬ್ಬ ಹೆಂಗಸಿನ ಬೆಳಗಿನ ಅರ್ಧ ಗಂಟೆಯ ಸಂತೋಷವನ್ನು ಕಿತ್ತುಕೊಂಡಿತಲ್ಲ ಎಂಬುದೇ ನನ್ನ ಸಂಕಟ.

ಕೈ ಬರದವರಿಗಾಗಿಯೇ ಪೇಟೆಯವರು ಮಾಡಿದ ಏರ್ಪಾಡುಗಳೂ ಇವೆ. ನನ್ನ ಸೋದರ ಸೊಸೆ ಒಮ್ಮೆ ಬೆಂಗಳೂರಿನಿಂದ ಒಂದು ಪೆಟ್ಟಿಗೆ ಕಳಿಸಿದ್ದಳು. ಕ್ಯಾನ್ವಾಸಿನ ಮೇಲೆ ಚಿತ್ರ ತುಂಡು ತುಂಡಾಗಿ ಅಚ್ಚಾಗಿದೆ, ಪ್ರತಿ ತುಂಡಿನಲ್ಲಿಯೂ ಒಂದು ಅಂಕಿ; ಅದೇ ಅಂಕಿಯ ಬಣ್ಣವನ್ನು ಅಲ್ಲಿ ತುಂಬಬೇಕು. ಇದು ಹೊಸದೇನಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಬಣ್ಣದ ಕಂಪನಿಯಲ್ಲಿ ಡ್ಯಾನ್ ರಾಬಿನ್ಸ್ ಎಂಬ ಕಲಾವಿದರು ಇಂಥ ಪೆಟ್ಟಿಗೆಗಳನ್ನು ರೂಪಿಸಿದರು. ಅಲ್ಲಿ ಮನೆಮನೆಯ ಗೋಡೆಗೂ ಅವು ಏರಿದವು. 2013ರಲ್ಲಿ ಸ್ಕಾಟ್ಲೆಂಡಿನ ಜೊಹಾನಾ ಬ್ಯಾಸ್‌ಫರ್ಡ್ ಅವರ ‘ಸೀಕ್ರೆಟ್ ಗಾರ್ಡನ್’ ಬಂದ ಮೇಲೆ ದೊಡ್ಡವರು ಬಣ್ಣ ತುಂಬುವ ಪುಸ್ತಕಗಳೂ ಅದೇ ರೀತಿ ಹರಡಿದವು. ಮನಸ್ಸು ಕಲಕಿದ ದಿನ ಇವು ಒಳ್ಳೆಯ ಜೊತೆ. ನಾನೂ ಆ ಕ್ಯಾನ್ವಾಸನ್ನು ಪೂರ್ತಿ ಮಾಡಿದೆ. ದೋಣಿ, ಕೊಳ, ಸೂರ್ಯಾಸ್ತ ಎಲ್ಲ ಚೆನ್ನಾಗಿಯೇ ಬಂದವು. ಆದರೆ ಗೋಡೆಗೆ ನೇತುಹಾಕಿ ನೋಡಿದಾಗ ಅದರಲ್ಲಿ ನಾನು ಎಲ್ಲಿಯೂ ಕಾಣಲಿಲ್ಲ. ಮೂರನೆಯ ಬಣ್ಣ ಎಲ್ಲಿ ಬರಬೇಕೆಂದು ಯಾರೋ ಮೊದಲೇ ತೀರ್ಮಾನಿಸಿದ್ದರು. ಅಂಕಿ ಅವರದು, ದುಡಿಮೆ ಮಾತ್ರ ನನ್ನದು.

ಕಸೂತಿಯಲ್ಲಿಯೂ ಅಂಕಿ ಇದೆ. ಆದರೆ ಅಲ್ಲಿ ಎಣಿಸುವವರು ನಾವು.

ಧಾರವಾಡದ ಸೀಮೆಯಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ನನಗೆ ಇದನ್ನು ಹೇಳಿಕೊಟ್ಟರು. ‘ನನಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ, ಅಜ್ಜಿ’ ಎಂದೆ. ‘ಗೆರಿ ಎಳ್ಯಾಕ ಯಾರು ಹೇಳ್ಯಾರ್ರೀ ಅಕ್ಕಾರ? ಎಳಿ ಎಣಸಾಕ ಬರ್ತೈತಿಲ್ಲೋ, ಅಷ್ಟ ಹೇಳ್ರಿ’ ಎಂದು ಅವರು ನಕ್ಕರು. ಕಸೂತಿಯ ಇಡೀ ಸಿದ್ಧಾಂತ ಆ ಮಾತಿನಲ್ಲಿದೆ. ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಾ, ಸೂಜಿ ಚುಚ್ಚುತ್ತಾ ಹೋಗಬೇಕು. ಹೊಲಿಗೆಗಳು ನಾಲ್ಕೇ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯ ಹೆಸರು ‘ಗಂಟು’ ಎಂಬುದರಿಂದ ಬಂತೆನ್ನುತ್ತಾರೆ. ತಮಾಷೆಯೆಂದರೆ ದಾರಕ್ಕೆ ಗಂಟು ಹಾಕುವಂತೆಯೇ ಇಲ್ಲ. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಹೋದರೆ, ಬರುವಾಗ ಬಿಟ್ಟುಹೋದ ಜಾಗಗಳನ್ನು ತುಂಬಿಕೊಂಡು ಹೊರಟಲ್ಲಿಗೇ ಬಂದು ಸೇರಬೇಕು. ಮುರಗಿ ಅದೇ ನಡಿಗೆಯಲ್ಲಿ ಅಂಕುಡೊಂಕಾಗಿ, ಮೆಟ್ಟಿಲಿನಂತೆ ಸಾಗುತ್ತದೆ. ನೇಗಿ ನೇಯ್ದಂತೆ ಕಾಣುವ ಹೊಲಿಗೆ. ಮೆಂತೆ ಎಂದರೆ ಮೆಂತೆಕಾಳು ಚೆಲ್ಲಿದಂತೆ ಒತ್ತೊತ್ತಾಗಿ ಬರುವ ಅಡ್ಡಹೊಲಿಗೆ.

ಈ ಎಣಿಕೆಯ ಕಟ್ಟು ಒಂದು ಕೊರತೆಯೆಂದು ಯಾರಾದರೂ ಅಂದುಕೊಂಡರೆ ಕಸೂತಿಯ ನವಿಲನ್ನು ನೋಡಬೇಕು. ಗೆರೆ ಅಡ್ಡ, ಉದ್ದ, ಓರೆಯಾಗಿ ಮಾತ್ರ ಹೋಗಬಲ್ಲದು, ಬಳುಕಲಾರದು. ಹಾಗಾಗಿ ನವಿಲಿನ ಕತ್ತು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಂಬಾರಿ ಹೊತ್ತ ಆನೆಯ ಕಾಲು ಕಂಬದ ಹಾಗಿರುತ್ತದೆ. ಗೋಪುರ, ತೇರು, ತುಳಸಿಕಟ್ಟೆಗಳಂತೂ ಈ ಕಟ್ಟಿಗಾಗಿಯೇ ಹುಟ್ಟಿದವುಗಳಂತೆ ಕಾಣುತ್ತವೆ. ನಿಜವಾದ ನವಿಲಿನ ಹಾಗೆ ಇಲ್ಲ ಎಂದು ಮಗುವೂ ಹೇಳಬಹುದು, ಆದರೆ ನವಿಲಲ್ಲ ಎಂದು ಯಾರೂ ಹೇಳಲಾರರು. ಕಂಡಂತೆ ಬರೆಯಲಾಗದ ಕೈಗೆ ಬಟ್ಟೆಯೇ ಒಂದು ನುಡಿಗಟ್ಟನ್ನು ಕೊಟ್ಟಿದೆ. ಇಳಕಲ್ ಸೀರೆಯ ಸೆರಗಿನಲ್ಲಿ, ಮದುವೆಯ ಕರಿಯ ಚಂದ್ರಕಳಿ ಸೀರೆಯಲ್ಲಿ ಆ ನುಡಿಗಟ್ಟು ಎಷ್ಟು ಗಂಭೀರವಾಗಿ ನಿಲ್ಲುತ್ತದೆ ಎಂಬುದನ್ನು ನೋಡಿದವರೇ ಬಲ್ಲರು.

ಕಸೂತಿಯನ್ನು ಪರೀಕ್ಷಿಸುವ ಕ್ರಮವನ್ನೂ ಅಜ್ಜಿಯೇ ಹೇಳಿದ್ದರು: ಬಟ್ಟೆ ತಿರುವಿ ನೋಡಬೇಕು. ಗವಂತಿ, ಮುರಗಿಗಳಲ್ಲಿ ಹಿಂದೂ ಮುಂದೂ ಒಂದೇ ಆಗಿರಬೇಕು. ಹಿಂದೆ ಗಂಟು, ಎಳೆದಾಡಿದ ದಾರ ಕಂಡರೆ ಎಲ್ಲೋ ದಾರಿ ತಪ್ಪಿದೆಯೆಂದು ಅರ್ಥ. ಈಚೆಗೆ ಎಳೆ ಎಣಿಸಲಾಗದ ಬಟ್ಟೆಯ ಮೇಲೆ ಗೆರೆ ಅಚ್ಚೊತ್ತಿಸಿಕೊಂಡು ಮಾಡುವುದೂ ಉಂಟು, ಯಂತ್ರದ ಹೊಲಿಗೆಗೂ ಕಸೂತಿಯೆಂದೇ ಹೆಸರಿಟ್ಟು ಮಾರುವುದೂ ಉಂಟು. ಮೇಲಿನಿಂದ ನೋಡಿದರೆ ಅದೂ ಅಚ್ಚುಕಟ್ಟು. ತಿರುವಿದರೆ ಬಣ್ಣ ಬಯಲಾಗುತ್ತದೆ. ಗೆರೆ ಅಚ್ಚಾದ ಮೇಲೆ ಎಣಿಕೆ ಬೇಡ, ಎಣಿಕೆ ಬೇಡವಾದರೆ ಹಿಂದಿರುಗುವ ದಾರಿಯ ಯೋಚನೆಯೂ ಬೇಡ. ಆಗ ಅದು ನನ್ನ ಸೊಸೆ ಕಳಿಸಿದ ಪೆಟ್ಟಿಗೆಯ ಜಾತಿಗೇ ಸೇರುತ್ತದೆ.

ಎಣಿಸಲು ಬಂದ ಮಾತ್ರಕ್ಕೆ ಎಲ್ಲರೂ ದೊಡ್ಡ ಕಲಾವಿದೆಯರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಎಣಿಕೆ ಸರಿಯಾಗಿದ್ದೂ ಸಪ್ಪೆಯಾದ ಕಸೂತಿ ಬೇಕಾದಷ್ಟಿದೆ. ಹೆಚ್ಚಿನವರ ಕೆಲಸ ಸೊರಗುವುದು ಎರಡು ಕಡೆ. ಒಂದು, ಬಟ್ಟೆಯ ಒಂದಂಗುಲವನ್ನೂ ಬಿಡದೆ ತುಂಬಿಬಿಡುವ ಆಸೆ. ಇನ್ನೊಂದು, ಪೆಟ್ಟಿಗೆಯಲ್ಲಿರುವ ದಾರದ ಬಣ್ಣಗಳನ್ನೆಲ್ಲ ಒಂದೇ ಸೆರಗಿನಲ್ಲಿ ತೋರಿಸುವ ಆಸೆ. ಅಜ್ಜಿಯ ಸೆರಗಿನಲ್ಲಿ ಎರಡು ತೇರುಗಳ ನಡುವೆ ಅಂಗೈ ಅಗಲದ ಖಾಲಿ ಜಾಗವಿತ್ತು. ಆ ಖಾಲಿಯಿಂದಲೇ ತೇರು ಚಲಿಸುವಂತೆ ಕಾಣುತ್ತಿತ್ತು. ಎಲ್ಲಿ ಬಿಡಬೇಕು ಎಂಬ ಆ ತಿಳಿವಳಿಕೆಯನ್ನು ಯಾವ ಎಣಿಕೆಯೂ ಕೊಡಲಾರದು. ಪ್ರತಿಭೆ ಎಂಬುದಿದ್ದರೆ ಅದು ಅಲ್ಲಿದೆ. ಆದರೆ ನೋಡಿ, ಅದು ಬಾಗಿಲಲ್ಲಿ ನಿಂತು ‘ನೀನು ಒಳಗೆ ಬರಬೇಡ’ ಎನ್ನುವುದಿಲ್ಲ. ಎಣಿಕೆ ಹಿಡಿದು ಒಳಗೆ ಹೋದವರಿಗೆ ಮುಂದೆ ಎಂದೋ ಸಿಗಬಹುದು, ಸಿಗದೆಯೂ ಹೋಗಬಹುದು. ಸಿಗದಿದ್ದರೂ ದಿಂಬಿನ ಗವಸಿನ ಅಂಚಿನಲ್ಲಿ ನಾವೇ ಎಣಿಸಿ ನಿಲ್ಲಿಸಿದ ಹನ್ನೆರಡು ಗೋಪುರಗಳು ಉಳಿಯುತ್ತವೆ.

ಹವ್ಯಾಸ ಹುಡುಕುತ್ತಿರುವ ಗೆಳತಿಯರಿಗೆ ನನ್ನ ಸಲಹೆ ಇಷ್ಟೇ. ನಿಯಮವಿರುವ ಕಲೆಯನ್ನು ಆರಿಸಿಕೊಳ್ಳಿ. ಆ ನಿಯಮ ಕೈಯನ್ನು ಹಿಡಿದು ನಡೆಸಬೇಕೇ ಹೊರತು ಬುದ್ಧಿಯನ್ನು ಕಟ್ಟಿಹಾಕಬಾರದು. ಕಸೂತಿಗೆ ಮೊದಲು ಎಳೆ ದಪ್ಪಗೆ ಕಾಣುವ ಮ್ಯಾಟಿ ಬಟ್ಟೆ ತೆಗೆದುಕೊಳ್ಳಿ. ಸಣ್ಣ ಎಳೆಯ ಬಟ್ಟೆಗೆ ಐವತ್ತರ ಕಣ್ಣು ಬಗ್ಗುವುದಿಲ್ಲ. ಹಗಲು ಬೆಳಕಿನಲ್ಲಿ ಕುಳಿತುಕೊಳ್ಳಿ. ಎಣಿಕೆ ತಪ್ಪಿದರೆ ದಾರ ಬಿಚ್ಚಿ ಮತ್ತೆ ಹಾಕಿ. ಗಂಟಿಲ್ಲದ ಹೊಲಿಗೆ, ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಸಂಕ್ರಾಂತಿಗೂ ದಸರೆಗೂ ಸ್ಪರ್ಧೆ ಏರ್ಪಡಿಸುವ ಮಹಿಳಾ ಸಂಘದವರಲ್ಲಿಯೂ ಒಂದು ಕೋರಿಕೆ ಇದೆ. ಚಿತ್ರ ರಂಗೋಲಿಗೆ ಬಹುಮಾನ ಕೊಡಿ, ಬೇಡವೆನ್ನುವುದಿಲ್ಲ. ಜೊತೆಗೆ ಚುಕ್ಕಿ ರಂಗೋಲಿಗೆಂದೇ ಬೇರೆ ಬಹುಮಾನ ಇಡಿ. ಅದನ್ನು ನೋಡುವಾಗ ಏನನ್ನು ಹೋಲುತ್ತದೆ ಎಂದು ಕೇಳದೆ, ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಬಂದು ಸೇರಿತು ಎಂದು ಹಿಂಬಾಲಿಸಿ ನೋಡಿ. ಸ್ಟಿಕ್ಕರ್ ಕಿತ್ತು ಮತ್ತೆ ಪುಡಿಯ ಡಬ್ಬ ಕೈಗೆತ್ತಿಕೊಳ್ಳುವ ಒಬ್ಬರಾದರೂ ನಿಮ್ಮ ಬೀದಿಯಲ್ಲಿ ಇದ್ದಾರು.