ತಲೆ ಎಣಿಸುವ ಕಾಯ್ದೆ, ಯಂತ್ರ ನೋಡುವ ಕಾಯ್ದೆ

ಕಾರ್ಮಿಕರ ಸುರಕ್ಷತೆಯ ಬಗ್ಗೆ ನಮ್ಮಲ್ಲಿ ಯಾರು ಬರೆದರೂ 1948ರ ಕಾರ್ಖಾನೆ ಕಾಯ್ದೆಗೆ ಕೈಮುಗಿದೇ ಶುರುಮಾಡುತ್ತಾರೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ನಿಂತು ನೋಡಿದರೆ ಆ ಗೌರವ ಸಲ್ಲತಕ್ಕದ್ದೇ. ಆದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ತರೀಕೆರೆಯ ಚೇಣಿದಾರರ ಅಡಿಕೆ ಕಣ, ಕಡೂರಿನ ಹಿಟ್ಟಿನ ಗಿರಣಿ, ಅಜ್ಜಂಪುರದ ಕಡೆಯ ರಾಗಿ ಒಕ್ಕಣೆ, ಇವುಗಳ ಮುಂದೆ ಇಟ್ಟು ಓದಿದಾಗ ಆ ಕಾಯ್ದೆಗೆ ಸಿಕ್ಕಿರುವ ಕೀರ್ತಿ ಅತಿಯಾಯಿತೆಂದೇ ಹೇಳಬೇಕಾಗುತ್ತದೆ. ಅದರ ಜೊತೆಗೇ ಓದಬೇಕಿದ್ದ 1983ರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯ ಹೆಸರನ್ನು ಎತ್ತುವವರೇ ಇಲ್ಲ.

ಕಾರ್ಖಾನೆ ಕಾಯ್ದೆಯ 22ನೇ ಕಲಂ ಗಮನವಿಟ್ಟು ಓದಬೇಕಾದ ಬರಹ. ಓಡುತ್ತಿರುವ ಯಂತ್ರದ ಹತ್ತಿರ ಹೋಗಬೇಕಾದವನು ವಿಶೇಷ ತರಬೇತಿ ಪಡೆದ ವಯಸ್ಕ ಗಂಡಸಾಗಿರಬೇಕಿತ್ತು. ಮೈಗಂಟುವ ಉಡುಪು ತೊಟ್ಟಿರಬೇಕಿತ್ತು. ಆ ಉಡುಪನ್ನು ಮಾಲೀಕನೇ ಕೊಡಬೇಕಿತ್ತು. ತಿರುಗುವ ಪುಲ್ಲಿಯ ಬಳಿ ಮುಟ್ಟುವ ಬೆಲ್ಟು 15 ಸೆಂಟಿಮೀಟರಿಗಿಂತ ಅಗಲವಿರುವಂತಿರಲಿಲ್ಲ. ಇದನ್ನು ಬರೆದವರಿಗೆ ಬಟ್ಟೆಯ ಅಂಚನ್ನು ಬೆಲ್ಟು ಹೇಗೆ ಎಳೆದುಕೊಳ್ಳುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅಡಿಕೆ ಸುಲಿಯುವ ಯಂತ್ರದ ಪಕ್ಕ ಸೀರೆಯ ಮೇಲೊಂದು ಹಳೆಯ ಅಂಗಿ ಹಾಕಿಕೊಂಡು ನಿಲ್ಲುವ ಹೆಂಗಸಿಗೆ ಬೇಕಾದ ತಿಳುವಳಿಕೆ ಇದೇ. ಆದರೆ ಅದು ಆಕೆಯವರೆಗೆ ಬರಲೇ ಇಲ್ಲ. ವ್ಯಾಖ್ಯೆಯ ಪ್ರಕಾರ ವಿದ್ಯುತ್ ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ಇದ್ದರಷ್ಟೇ ಅದು ಕಾರ್ಖಾನೆಯಾಗಿತ್ತು. ಅಂದರೆ ಅದೇ ಮೋಟಾರು, ಅದೇ ಬೆಲ್ಟು ಹತ್ತನೆಯ ಆಳು ಬಂದ ಮೇಲೆ ಮಾತ್ರ ಕಾಯ್ದೆಯ ಕಣ್ಣಿಗೆ ಅಪಾಯಕಾರಿಯಾಗುತ್ತಿತ್ತು. 85ನೇ ಕಲಂ ಇತ್ತಲ್ಲ, ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಗೂ ಸರ್ಕಾರ ಕಾಯ್ದೆಯನ್ನು ವಿಸ್ತರಿಸಬಹುದಿತ್ತಲ್ಲ ಎನ್ನುವವರು ಅದರ ಷರತ್ತನ್ನೂ ಓದಬೇಕು: ಮನೆಮಂದಿಯನ್ನಷ್ಟೇ ಕಟ್ಟಿಕೊಂಡು ಮಾಲೀಕ ನಡೆಸುವ ಉದ್ಯಮಕ್ಕೆ ಆ ವಿಸ್ತರಣೆಯೂ ಇರಲಿಲ್ಲ. ಗಂಡ ಹೆಂಡತಿ ನಡೆಸುವ ಗಿರಣಿ ಅಲ್ಲಿಗೆ ಹೊರಗುಳಿಯಿತು. ಈ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಂತೂ ಕಾರ್ಖಾನೆಯ ಮಿತಿಯನ್ನು ಇಪ್ಪತ್ತು, ನಲವತ್ತಕ್ಕೆ ಏರಿಸಿದೆ.

ಈ ಏರಿಕೆಯನ್ನು ಸಣ್ಣ ಉದ್ಯಮಕ್ಕೆ ಸಿಕ್ಕ ಬಿಡುಗಡೆಯೆಂದು ಹೊಗಳುವವರು ರಿಜಿಸ್ಟರುಗಳ ಕಾಟವನ್ನೂ ಬೆಲ್ಟಿನ ಮೇಲಿನ ತಗಡಿನ ಮುಚ್ಚಳವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಕಾಗದಪತ್ರ ಕಡಿಮೆಯಾಗಲಿ, ಅದಕ್ಕೆ ಯಾರ ತಕರಾರೂ ಇಲ್ಲ, ಮುಚ್ಚಳ ಹೋಗಬಾರದು. ಆಳುಗಳ ಅಜಾಗರೂಕತೆಯೇ ಕಾರಣ ಎಂಬ ಇನ್ನೊಂದು ವಾದವಂತೂ ಇಡೀ ಹಗಲು ಸುಲಿದು ರಾತ್ರಿಯೂ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂರಬೇಕಾದ ಸುಗ್ಗಿಯ ದಣಿವನ್ನೇ ಮರೆತಿದೆ. ದಣಿದ ಕೈ ತಪ್ಪಿಯೇ ತಪ್ಪುತ್ತದೆ. ತಪ್ಪಿದ ಕೈಗೆ ಯಂತ್ರ ಸಿಗಕೂಡದು.

1983ರ ಕಾಯ್ದೆ ಇಲ್ಲಿಂದಲೇ ಹೊರಡುತ್ತದೆ. ಒಕ್ಕಣೆ ಯಂತ್ರವನ್ನು ಅದು ಹೆಸರಿಟ್ಟೇ ಅಪಾಯಕಾರಿ ಎನ್ನುತ್ತದೆ. ಎಷ್ಟು ಜನ ದುಡಿಯುತ್ತಾರೆಂದು ಕೇಳದೆ ತಯಾರಿಸುವವರಿಗೂ ಮಾರುವವರಿಗೂ ಲೈಸೆನ್ಸು ವಿಧಿಸುತ್ತದೆ, ಗಾಯಗೊಂಡವರ ಪರಿಹಾರವನ್ನೂ ಒಳಗೊಳ್ಳುತ್ತದೆ. ಭಾರತೀಯ ಮಾನಕದಂತೆ ಇಂಥ ಯಂತ್ರದ ಬಾಯಿಯ ತೊಟ್ಟಿ ಕನಿಷ್ಠ 900 ಮಿಲಿಮೀಟರ್ ಉದ್ದವಿರಬೇಕು, ಅದರಲ್ಲಿ 450 ಮಿಲಿಮೀಟರ್ ಮುಚ್ಚಿರಬೇಕು. ಕಂತೆ ತಳ್ಳುವ ಕೈ ಡ್ರಮ್ಮಿಗೆ ಎಟುಕಬಾರದೆಂಬುದು ಇದರ ಉದ್ದೇಶ. ಒಬ್ಬನೇ ಒಕ್ಕಿದರೂ ತೋಳಿನ ಉದ್ದ ಅಷ್ಟೇ. ಈ ಕಾಯ್ದೆಯಲ್ಲೂ ಕೊರತೆಯಿದೆ: ಒಕ್ಕಣೆ ಯಂತ್ರ ಬಿಟ್ಟು ಬೇರೆ ಯಂತ್ರ ಸೇರಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅಡಿಕೆ ಸುಲಿಯುವ ಯಂತ್ರಕ್ಕೂ ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಯಂತ್ರಕ್ಕೂ ಅಂಥದೊಂದು ಅಧಿಸೂಚನೆ ಬೇಕೆಂದು ಅಡಿಕೆ ಬೆಳೆಗಾರರ ಸಂಘಗಳೂ ಕಾರ್ಮಿಕ ಸಂಘಟನೆಗಳೂ ಒಟ್ಟಾಗಿ ಕೇಳಬೇಕು. ಕಾರ್ಖಾನೆಯ ಮಿತಿ ಹತ್ತಿರಲಿ, ಇಪ್ಪತ್ತಿರಲಿ, ಈ ಬೇಡಿಕೆಗೆ ಅದು ಅಡ್ಡಬರುವುದಿಲ್ಲ.