ಸಾನೋ ಕಾಯ್ದ ಗುಟ್ಟು

ಉಗಾರ ಬುದ್ರುಕದಂಥ ಊರಿನಿಂದ ಹುಡುಗಿಯೊಬ್ಬಳು ಓದಲು ಹೊರಗೆ ಹೋಗುವುದು ಸುಲಭದ ಮಾತಲ್ಲ. ಉಗಾರ ಖುರ್ದದಲ್ಲಿ ರೈಲು ಹತ್ತಿದರೆ ಮಿರಜ ದೂರವೇನಿಲ್ಲ. ಆದರೆ ಹಾಸ್ಟೆಲಿನ ಮಾತು ಬಂದೊಡನೆ ಅಪ್ಪ, ಅಣ್ಣ, ಚಿಕ್ಕಪ್ಪಂದಿರೆಲ್ಲ ಒಟ್ಟಿಗೆ ಕೂರುತ್ತಾರೆ. ಜಪಾನಿನ ಹದಿಹರೆಯದವರ ಚಿತ್ರಕಥೆಯೊಂದನ್ನು ಓದುವಾಗ ನಮಗೆ ಈ ಕೂಟವೇ ಮತ್ತೆ ಮತ್ತೆ ನೆನಪಾಯಿತು.

ಹಿಸಾಯಾ ನಕಾಜೊ ಬರೆದು ಚಿತ್ರಿಸಿದ 'ಹಾನಾ ಕಿಮಿ' 1996ರಿಂದ 2004ರವರೆಗೆ 'ಹಾನಾ ತೊ ಯುಮೆ' ಪತ್ರಿಕೆಯಲ್ಲಿ ಬಂದು 23 ಸಂಪುಟಗಳಾಯಿತು. ಲೇಖಕಿ 2023ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಜಪಾನಿನ ಈ ಮಾಂಗಾ ಪುಸ್ತಕಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಉರ್ದು ಶಾಲೆಯ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ!

ಅಮೆರಿಕದಲ್ಲಿ ಬೆಳೆದ ಮಿಜುಕಿ ಟಿ.ವಿ.ಯಲ್ಲಿ ಸಾನೋ ಎಂಬ ಹುಡುಗನ ಎತ್ತರ ಜಿಗಿತ ನೋಡಿ ಮರುಳಾಗುತ್ತಾಳೆ. ಕೂದಲು ಕತ್ತರಿಸಿಕೊಂಡು, ಗಂಡುವೇಷ ತೊಟ್ಟು, ಜಪಾನಿನಲ್ಲಿ ಅವನಿರುವ ಗಂಡುಮಕ್ಕಳ ಶಾಲೆಗೇ ಸೇರುತ್ತಾಳೆ. ಕೋಣೆಯ ಜೊತೆಗಾರನೂ ಅವನೇ. ಆದರೆ ಅವನು ಜಿಗಿಯುವುದನ್ನೇ ಬಿಟ್ಟಿದ್ದಾನೆ.

ಕಥೆಯ ಇಷ್ಟು ಭಾಗ ಕೇಳಿದರೆ ಸಾಕು, ಹಿರಿಯರು ಪುಸ್ತಕ ಮುಚ್ಚಿಡು ಎನ್ನುತ್ತಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಹಾಗೆಂದು ವೇಷವೇ ತಪ್ಪು ಎನ್ನಲಾದೀತೆ? ಬಾಲಗಂಧರ್ವರು ಸೀರೆಯುಟ್ಟು ರಂಗಕ್ಕೆ ಬಂದರೆ ತಲೆದೂಗಿದ್ದು ಕೃಷ್ಣೆಯ ಈ ದಂಡೆಯ ಜನವೇ.

ಪುಸ್ತಕದ ಜೀವ ಬೇರೆಡೆ ಇದೆ. ಮಿಜುಕಿ ಹುಡುಗಿ ಎಂಬುದು ಸಾನೋಗೆ ಬಹಳ ಬೇಗ ತಿಳಿದುಬಿಡುತ್ತದೆ. ಅವನು ಅದನ್ನು ಅವಳಿಗೂ ಹೇಳುವುದಿಲ್ಲ, ಬೇರೆಯವರಿಗೂ ಹೇಳುವುದಿಲ್ಲ. ಗುಟ್ಟು ಬಯಲಾಗುವ ಸಂದರ್ಭ ಬಂದಾಗಲೆಲ್ಲ ಸದ್ದಿಲ್ಲದೆ ಅಡ್ಡ ನಿಲ್ಲುತ್ತಾನೆ. ತನ್ನನ್ನು ಕಾಯುತ್ತಿದ್ದಾನೆಂಬ ಅರಿವೂ ಅವಳಿಗಿಲ್ಲ. ಹುಡುಗಿಯ ಒಂದು ಫೋಟೋ ಕೈಗೆ ಸಿಕ್ಕರೆ ಊರಿಗೆಲ್ಲ ಹಂಚುವ ಹುಡುಗರಿರುವ ಕಾಲದಲ್ಲಿ, ಇನ್ನೊಬ್ಬರ ಗುಟ್ಟನ್ನು ಅಮಾನತ್ತಿನಂತೆ ಜೋಪಾನ ಮಾಡುವ ಹದಿನಾರರ ಹುಡುಗನನ್ನು ಚಿತ್ರಿಸಿದ್ದು ಸಣ್ಣ ಸಂಗತಿಯಲ್ಲ. ಹಯಾ ಎಂಬುದನ್ನು ಹೆಣ್ಣುಮಕ್ಕಳಿಗೆ ಮಾತ್ರ ಬೋಧಿಸುವವರು ಈ ಪುಟಗಳನ್ನು ನೋಡಬೇಕು. ಗೆಳೆಯ ನಕಾತ್ಸುವಿನ ಪಾತ್ರ ಇಷ್ಟು ಗಟ್ಟಿಯಿಲ್ಲ. ತಾನು ಹುಡುಗನನ್ನೇ ಪ್ರೀತಿಸುತ್ತಿದ್ದೇನೆಂಬ ಅವನ ಗಾಬರಿಯನ್ನು ಲೇಖಕಿ ನಗೆಗೆ ಬಳಸುತ್ತಾರೆ. ಸಂಪುಟಗಳು ಉರುಳಿದಂತೆ ಆ ನಗೆ ಹಳಸುತ್ತದೆ.

ನಮ್ಮ ಜಗಳ ಇರುವುದು ಮಿಜುಕಿಯ ಬಗ್ಗೆ. ಸಮುದ್ರ ದಾಟಿ ಶಾಲೆಗೆ ಬಂದವಳಿಗೆ ತನ್ನದೇ ಆದ ಒಂದು ಹಂಬಲವನ್ನು ಲೇಖಕಿ ಕೊಡಲಿಲ್ಲ. ಸಾನೋ ಮತ್ತೆ ಜಿಗಿಯಬೇಕು, ಅವಳಿಗೆ ಬೇಕಾದದ್ದು ಅಷ್ಟೆ. ಪಾಠ, ಪರೀಕ್ಷೆಗಳು ಹಿಂದಿನ ಪರದೆಯಾಗಿ ಉಳಿಯುತ್ತವೆ, ತಂದೆತಾಯಿ ಕಥೆಯ ಅಂಚಿನಲ್ಲಿರುತ್ತಾರೆ. ಮನೆಯನ್ನು ಒಪ್ಪಿಸುವ ಕಷ್ಟ ಈ ಕಥೆಗೆ ಕಷ್ಟವೇ ಅಲ್ಲ. ನಮ್ಮ ಹುಡುಗಿಯರಿಗೆ ಅದೇ ಮೊದಲ ಪರೀಕ್ಷೆ. ಹೊರಗೆ ಓದಲು ಹೋದವಳು ಪ್ರೀತಿಯಲ್ಲಿ ಬೀಳುತ್ತಾಳೆ ಎನ್ನುವುದು ಆ ಕೂಟದ ಹಳೆಯ ವಾದ. ಪ್ರೀತಿಗಾಗಿಯೇ ಶಾಲೆಗೆ ಹೊರಟ ಮಿಜುಕಿ, ತನಗರಿವಿಲ್ಲದೆ, ಆ ವಾದಕ್ಕೆ ಸಾಕ್ಷಿ ನುಡಿಯುತ್ತಾಳೆ.

ಕೊನೆಗೆ ಗುಟ್ಟು ರಟ್ಟಾಗಿ ಅವಳು ಶಾಲೆ ಬಿಡಬೇಕಾಗುತ್ತದೆ. ಬೀಳ್ಕೊಡುವ ಪುಟಗಳು ಕಣ್ಣು ತೇವಗೊಳಿಸುತ್ತವೆ, ನಿಜ. ಆದರೂ ಓದು ಅರ್ಧಕ್ಕೆ ನಿಂತಿತಲ್ಲ ಎಂದು ಅಲ್ಲಿ ಮರುಗುವವರು ಓದುಗರಾದ ನಾವು ಮಾತ್ರ.