ಕೋವಿ ನೋಡಲು ಬಂದವರಿಗೆ

ಕೋವಿಯ ಹುಚ್ಚು ಹತ್ತಿದವರಲ್ಲಿ ಎರಡು ಪಂಗಡ. ಒಬ್ಬರಿಗೆ ಅದು ಸಿಡಿಯಬೇಕು. ಇನ್ನೊಬ್ಬರಿಗೆ ಸುಮ್ಮನೆ ಇದ್ದರೆ ಸಾಕು. ನಳಿಗೆಯ ಕೆತ್ತನೆ, ಮರದ ಎಳೆ, ಕುದುರೆಯ (ಹ್ಯಾಮರಿನ) ಬಾಗು ನೋಡುತ್ತ ಕೂತರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಬಂದರೆ ಈ ಲೆಕ್ಕ ಕೆಡುತ್ತದೆ. ಇಲ್ಲಿ ಮೂರನೆಯವರೇ ಹೆಚ್ಚು. ಶೇಂಗಾ ಹೊಲಕ್ಕೆ ಹಂದಿ ಬೀಳುತ್ತವೆಂದು ಅಜ್ಜ ಲೈಸೆನ್ಸ್ ಮಾಡಿಸಿಕೊಂಡ ಒಂಟಿ ನಳಿಗೆ ಕೋವಿ ಗೋಡೆಯ ಗೂಟದಲ್ಲಿರುತ್ತದೆ. ಆಯುಧಪೂಜೆಗೆ ಕೆಳಗಿಳಿಯುತ್ತದೆ, ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಹೋಗಿ ಕೂತು ವಾಪಸು ಬರುತ್ತದೆ. ಕೊನೆಯ ಈಡು ಹೊಡೆದದ್ದು ಯಾವಾಗ ಎಂದು ಕೇಳಿ ನೋಡಿ, ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದನ್ನು ಯಾರೂ ಸಂಗ್ರಹಿಸಿದ್ದಲ್ಲ, ಯಾರೂ ಹೊಡೆಯುತ್ತಲೂ ಇಲ್ಲ. ಅದು ಮನೆಯ ಹಿರಿಯರಲ್ಲೊಬ್ಬರು.

ಹೊಸಬರು ಕೊಳ್ಳುವ ಯೋಚನೆಯಿಂದ ಶುರು ಮಾಡಬಾರದು. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಅಜ್ಜನ ಆಸ್ತಿಯೆಂದು ಬಂದದ್ದೂ ಆ ಎರಡರೊಳಗೇ ಸೇರಬೇಕು. ಅಮೆರಿಕದವರ ಹಾಗೆ ಗೋಡೆ ತುಂಬ ತೂಗುಹಾಕುವ ಸಂಗ್ರಹ ನಮಗೆ ಸಾಧ್ಯವೇ ಇಲ್ಲ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಎರಡೇ ಇಡಬಹುದು ಎಂದಾಗ ಯಾವ ಎರಡು ಎಂದು ತೂಗಿ ನೋಡಲೇಬೇಕಾಗುತ್ತದೆ. ಹಾಗೆ ತೂಗಲು ನೂರಾರು ಕೋವಿ ಕಂಡ ಕಣ್ಣು ಬೇಕು.

ಮೊದಲು ನೋಡಬೇಕಾದದ್ದು ಕೋವಿಯನ್ನಲ್ಲ, ಮದ್ದನ್ನು. ಚಳ್ಳಕೆರೆಯಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಚಿತ್ರದುರ್ಗ. ಕೋಟೆಯೊಳಗೆ ಹೋದವರು ಒನಕೆ ಓಬವ್ವನ ಕಿಂಡಿ ಕೇಳಿಕೊಂಡು ಓಡುತ್ತಾರೆ. ನೀವು ಮದ್ದು ಬೀಸುವ ಕಲ್ಲಿನ ಹತ್ತಿರ ನಿಲ್ಲಿ. ಕಲ್ಲು ಕಟ್ಟಿದ ಗುಂಡಿಯೊಳಗೆ ನಾಲ್ಕು ಭಾರಿ ಬೀಸುಕಲ್ಲುಗಳು. ಪೆಟ್ಲುಪ್ಪು, ಇದ್ದಿಲು, ಗಂಧಕ, ಸುಮಾರು 75, 15, 10ರ ಪಾಲಿನಲ್ಲಿ ಸೇರಿಸಿ ಅರೆದರೆ ಕರಿಮದ್ದು. ನುಣ್ಣಗೆ ಅರೆದಷ್ಟೂ ಮೂರೂ ಒಂದಾಗಿ ಬೇಗ ಉರಿಯುತ್ತವೆ. ಅರೆಯುವಾಗ ಒಂದು ಕಿಡಿ ಹಾರಿದರೆ ಅರೆಯುವವನೂ ಉಳಿಯುವುದಿಲ್ಲ. ಈ ಕಲ್ಲುಗಳ ಗಾತ್ರ ನೋಡಿದರೆ 1779ರಲ್ಲಿ ಹೈದರಾಲಿಗೆ ಸೋಲುವ ಮುಂಚೆ ಮದಕರಿ ನಾಯಕನ ದುರ್ಗ ಎಷ್ಟು ಮದ್ದು ತಿನ್ನುತ್ತಿತ್ತು ಎಂಬ ಅಂದಾಜು ಸಿಗುತ್ತದೆ. ಅಲ್ಲಿಂದ ಮೇಲೆ ಹತ್ತಿ ಬತೇರಿಯ ಗೋಡೆಯಲ್ಲಿರುವ ಕಿಂಡಿಗಳಿಗೆ ಕಣ್ಣಿಟ್ಟು ನೋಡಿ. ನಳಿಗೆ ಯಾಕೆ ಅಷ್ಟು ಉದ್ದ ಇರುತ್ತಿತ್ತು ಎಂಬುದು ಪುಸ್ತಕ ಓದದೆಯೇ ತಿಳಿಯುತ್ತದೆ.

ಆಮೇಲೆ ಕೋವಿಗೆ ಬನ್ನಿ. ರಸಿಕನ ಕಣ್ಣು ಮೊದಲು ಹೋಗಬೇಕಾದದ್ದು ಬೆಂಕಿ ಹುಟ್ಟುವ ಜಾಗಕ್ಕೆ. ಬತ್ತಿಯ ಬಂದೂಕಿನಲ್ಲಿ ಕೆಂಡ ಹಿಡಿದ ಹುರಿಯೊಂದು ಬಾಗಿ ನಳಿಗೆಯ ಪಕ್ಕದ ಬಟ್ಟಲಿನ ಮದ್ದಿಗೆ ತಾಗುತ್ತದೆ. ಮಳೆ ಬಂದರೆ ಬಂದೂಕು ಸುಮ್ಮನಾಗುತ್ತಿದ್ದದ್ದು ಇದರಿಂದಲೇ. ಚಕಮಕಿ ಬಂದೂಕಿನಲ್ಲಿ ಕುದುರೆ ಕಚ್ಚಿಕೊಂಡ ಬೆಣಚುಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಉದುರಿಸುತ್ತದೆ. ಬಟ್ಟಲಿನಲ್ಲಿ ಫಕ್ಕೆಂದು ಹೊತ್ತಿ ಒಳಗಿನ ಮದ್ದು ಸಿಡಿಯುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಈ ತಡದಿಂದ ರೋಸಿಹೋದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದರೆ ಸಾಕು ಸಿಡಿಯುವ ಮದ್ದನ್ನು ಕೋವಿಗೆ ಹೊಂದಿಸಿ 1807ರಲ್ಲಿ ಪೇಟೆಂಟ್ ಪಡೆದ. ಅಂಥ ಮದ್ದು ತುಂಬಿದ ಪುಟ್ಟ ಕೇಪನ್ನು ಬಡಿದು ಸಿಡಿಸುವ ನಮ್ಮ ಹಳ್ಳಿಗಳ ಕೇಪಿನ ಕೋವಿ ಆ ಪಾದ್ರಿಯ ಮರಿಮಗಳು. ತೋಟೆ ಕೋವಿ ಅದರ ಮುಂದಿನ ತಲೆಮಾರು. ಅದರಲ್ಲಿ ಮದ್ದು, ಚರೆ, ಕೇಪು ಮೂರೂ ಒಂದೇ ಕೊಳವೆಯೊಳಗೆ.

ಕೇಪಿನ ಕೋವಿಯೊಂದು ಕೈಗೆ ಸಿಕ್ಕರೆ ಹೀಗೆ ಮಾಡಿ. ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ತಳ ಮುಟ್ಟುವ ತನಕ ಇಳಿಬಿಡಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಹಿಡಿದು ಹೊರಗೆಳೆಯಿರಿ. ಅದೇ ಅಳತೆಯನ್ನು ನಳಿಗೆಯ ಹೊರಮೈಗೆ ಹಿಡಿದಾಗ ಬುಡದ ತನಕ ಬರಬೇಕು. ನಾಲ್ಕು ಬೆರಳು ಕಮ್ಮಿ ಬಂದರೆ ಒಳಗೆ ಯಾರೋ ತುಂಬಿಟ್ಟ ಈಡು ಹಾಗೇ ಕೂತಿದೆ ಎಂದರ್ಥ. ಮುತ್ತಜ್ಜ ಜಡಿದ ಮದ್ದು ಒಣಗಿದ್ದರೆ ಮೊಮ್ಮಗನ ಕಾಲದಲ್ಲೂ ಹೊತ್ತಿಕೊಳ್ಳುತ್ತದೆ. ಅನುಮಾನ ಬಂದ ಕೋವಿಯನ್ನು ಮೆಲ್ಲಗೆ ಕೆಳಗಿಟ್ಟು, ಬಾಯಿ ಗೋಡೆಯ ಕಡೆಗೆ ತಿರುಗಿಸಿ, ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಸಿ. ಖಾಲಿ ಎಂದು ಖಾತ್ರಿಯಾದರೆ ಕುದುರೆಯನ್ನು ನಿಧಾನಕ್ಕೆ ಹಿಂದಕ್ಕೆಳೆಯಿರಿ. ಅರ್ಧಕ್ಕೊಂದು, ಪೂರ್ತಿಗೊಂದು, ಎರಡು ಸದ್ದು ಬೇರೆ ಬೇರೆಯಾಗಿ ಕೇಳಬೇಕು. ಒಳ್ಳೆಯ ಕೆಲಸಗಾರ ಮಾಡಿದ ಕೀಲಿನಲ್ಲಿ ಎರಡನೆಯ ಸದ್ದು ಗಟ್ಟಿ, ಚಿಕ್ಕದು, ಅದುರುವುದಿಲ್ಲ. ಸವೆದ ಕೀಲಿನಲ್ಲಿ ಎರಡೂ ಕಲಸಿಕೊಳ್ಳುತ್ತವೆ. ಟ್ರಿಗರ್ ಮಾತ್ರ ಎಳೆಯಬೇಡಿ. ಕೇಪಿಲ್ಲದೆ ಕುದುರೆ ಬಡಿದರೆ ಕೇಪು ಕೂರುವ ಮೊಳೆಯ ಬಾಯಿ ಚಪ್ಪಟೆಯಾಗುತ್ತದೆ. ಇಷ್ಟು ಕಲಿತವರನ್ನು ಯಾವ ಮನೆಯವರಾದರೂ ಮತ್ತೆ ಕರೆಯುತ್ತಾರೆ.

ನಳಿಗೆಯನ್ನು ನೋಡಲು ಬಾಗಿಲ ಬೆಳಕು ಬೇಕು, ಟ್ಯೂಬ್‌ಲೈಟು ಪ್ರಯೋಜನವಿಲ್ಲ. ಅಡ್ಡ ಹಿಡಿದು ಮೆಲ್ಲಗೆ ಹೊರಳಿಸಿದರೆ ಕೆಲವು ಹಳೆಯ ನಳಿಗೆಗಳ ಮೇಲೆ ಕಂದು, ಬೂದು ಗೆರೆಗಳು ಸುರುಳಿ ಸುತ್ತುತ್ತ ಹೋಗುವುದು ಕಾಣುತ್ತದೆ. ಅದು ಯಾರೋ ಬರೆದ ಚಿತ್ತಾರವಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದರ ಗುರುತು. ಕೆಲಸಗಾರನ ಕೈ ಒಂದೇ ಒಂದು ಸುತ್ತಿನಲ್ಲಿ ಜಾರಿದ್ದರೂ ಅಲ್ಲಿ ಗೆರೆ ಸೊಟ್ಟಗಾಗಿರುತ್ತದೆ, ಹುಡುಕಿ ನೋಡಿ. ಉಕ್ಕು ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. 1800ರಲ್ಲಿ ಮೈಸೂರು ಸುತ್ತಿದ ಫ್ರಾನ್ಸಿಸ್ ಬುಕನನ್ ಮಧುಗಿರಿ ಸೀಮೆಯಲ್ಲಿ ಉಕ್ಕು ಮಾಡುವವರನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ನೆನಪಿಡಿ, ಈ ಸುರುಳಿ ನಳಿಗೆಗಳಿಗೆ ಕರಿಮದ್ದಿನ ಒತ್ತಡವೇ ಸರಿ. ಇವತ್ತಿನ ತೋಟೆ ಹಾಕಿದರೆ ಬೆಸುಗೆ ಬಿಟ್ಟು ಹೊಡೆದವನ ಎಡಗೈಯೇ ಹೋಗಬಹುದು. ಇಡುವ ಕೋವಿ, ಹೊಡೆಯುವ ಕೋವಿ ಎಂಬ ಭೇದ ಇಲ್ಲಿ ಅಭಿರುಚಿಯ ಮಾತಾಗಿ ಉಳಿಯುವುದಿಲ್ಲ.

ಅಂದ ಅಂದರೆ ಏನೆಂದು ನೋಡಬೇಕಿದ್ದರೆ ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯ ಬಂದೂಕುಗಳಿಗೆ ಸಮವಿಲ್ಲ. ಹುಲಿಪಟ್ಟೆಯ ಬಬ್ರಿ ಅಚ್ಚು ಮೈಯೆಲ್ಲ ಹರಡಿಕೊಂಡಿರುತ್ತದೆ. ಎಷ್ಟೋ ಬಂದೂಕುಗಳಲ್ಲಿ ಕುದುರೆಗೇ ಹುಲಿಯ ರೂಪ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಬೇಟೆ ಬಂದೂಕೊಂದು ಏಳು ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅದರ ಹೆಚ್ಚುಗಾರಿಕೆ ಬೆಳ್ಳಿಯಲ್ಲಷ್ಟೇ ಇರಲಿಲ್ಲ: ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಈಡು ತುಂಬಿ, ಮುಂದಿನದನ್ನು ಮೊದಲು, ಹಿಂದಿನದನ್ನು ಆಮೇಲೆ ಸಿಡಿಸುವ ಏರ್ಪಾಡು. ಅಂಥದ್ದನ್ನು ಮುಟ್ಟುವ ಭಾಗ್ಯ ನಮಗಿಲ್ಲ. ಆದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, 1780ರ ಪೊಳ್ಳಿಲೂರು ಯುದ್ಧದ ಗೋಡೆಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಿ. ಆ ಸಾಲುಸಾಲು ಸಿಪಾಯಿಗಳು ಬಂದೂಕನ್ನು ಹೇಗೆ ಹಿಡಿದಿದ್ದಾರೆಂದು ಗಮನಿಸಿದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ಬಂದೂಕು ಬೇರೆಯೇ ಕಾಣುತ್ತದೆ. ಬಂದೂಕಿನ ಚೆಲುವಿರುವುದು ಕೈ ಸವೆಸಿದ ಕಡೆಯಲ್ಲಿ, ಹೆಗಲು ಒತ್ತಿದ ಕಡೆಯಲ್ಲಿ. ಹೊಳಪು ಹಾಕಿ ಆ ಸವೆತವನ್ನು ಅಳಿಸಿದವರು ಬಂದೂಕನ್ನೇ ಅಳಿಸಿದ ಲೆಕ್ಕ.

ಹೊಳಪು ಅಂದಾಗ ಖೋಟಾ ಮಾಲಿನ ಮಾತು ಹೇಳಲೇಬೇಕು. ಪ್ರವಾಸಿ ಊರುಗಳಲ್ಲಿ ಆ್ಯಸಿಡ್ ಬಳಿದು ಮುದುಕನ ವೇಷ ಹಾಕಿಸಿದ ಪಿಸ್ತೂಲುಗಳು ಸಿಗುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ಹೃದಯದ ಮುದ್ರೆ, ಅದರ ಪಕ್ಕದಲ್ಲಿ 1850ರ ಆಚೀಚೆಯ ಇಸವಿ ಕಂಡರೆ ಜೇಬಿನಿಂದ ಕೈ ತೆಗೆಯಬೇಡಿ. ಕಂಪನಿ ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲೇ ಆ ಮುದ್ರೆ ಬಿಟ್ಟು ಸಿಂಹಕ್ಕೆ ಬದಲಾಯಿಸಿತ್ತು. ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ನಿನ ಪರೀಕ್ಷಾ ಮುದ್ರೆಗಳು ನಳಿಗೆಯ ಬುಡದಲ್ಲಿ, ಮರ ಕಳಚಿದರಷ್ಟೇ ಕಾಣುವ ಜಾಗದಲ್ಲೂ ಇರುತ್ತವೆ. ಮೋಸ ಮಾಡುವವರು ಅಲ್ಲಿ ತನಕ ಕಷ್ಟಪಡುವುದು ಕಮ್ಮಿ.

ಹೊಡೆಯುವವರದು ಬೇರೆ ರುಚಿ, ಅದನ್ನು ಕೀಳೆಂದು ನಾನು ಹೇಳಲಾರೆ. ಅವರು ಕೋವಿಯನ್ನು ಕೆನ್ನೆಯಿಂದ ನೋಡುತ್ತಾರೆ. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ಬಿಟ್ಟಾಗ ಗುರಿ ನೆಟ್ಟಗಿದ್ದರೆ ಆ ಮರ ಅವರ ಮೈಗೆ ಕೂಡಿದೆ. ಕೆತ್ತನೆ ಇದ್ದರೂ ಇಲ್ಲದಿದ್ದರೂ ಅವರಿಗೆ ಅಷ್ಟೇ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು, ಕೊನೆಗೆ ಕೇಪು. ಇಷ್ಟನ್ನೂ ಒಮ್ಮೆ ಮಾಡಿದವರಿಗೆ ಕೋವಿಯ ಪ್ರತಿ ಅಂಗ ಯಾಕಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎರಡು ರುಚಿಯೂ ಒಂದೇ ಮನೆಯಲ್ಲಿ ಕೂಡಿ ಬಾಳುವುದನ್ನು ಕೊಡಗಿನಲ್ಲಿ ನೋಡಬೇಕು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್‌ಗೆ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ಅಂಗಳಕ್ಕೆ ಬಂದು ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ; 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹಲಗಲಿಯ ಬೇಡರಿಗೆ ಸಿಕ್ಕಿದ್ದು ಬೇರೆ ನ್ಯಾಯ: 1857ರಲ್ಲಿ ಹತಾರ ಒಪ್ಪಿಸುವುದಿಲ್ಲ ಎಂದದ್ದಕ್ಕೆ ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ಅದೇ ಬೇಡರ ಕುಲದ ನಮ್ಮ ನಾಯಕರ ಹಟ್ಟಿಗಳಲ್ಲಿ ಹಳೆಯ ಕೋವಿಯನ್ನು ಎರಡು ಕೈಯಿಂದ ಎತ್ತಿಕೊಡುವುದನ್ನು ಕಂಡಾಗಲೆಲ್ಲ ನನಗೆ ಈ ಕಥೆ ಜ್ಞಾಪಕಕ್ಕೆ ಬರುತ್ತದೆ.

ಈಗ ನಮ್ಮ ಗೂಟದ ಕೋವಿಗೆ ವಾಪಸು ಬರೋಣ. ಮೊಳಕಾಲ್ಮುರು ಸೀರೆಯನ್ನು ಉಡದೆ ಪೆಟ್ಟಿಗೆಯಲ್ಲಿಟ್ಟರೆ ಮಡಿಕೆಯಲ್ಲೇ ಜರಿ ಮುರಿಯುತ್ತದಲ್ಲ, ಕೋವಿಯೂ ಹಾಗೆ, ಸುಮ್ಮನಿಟ್ಟರೇ ಹಾಳಾಗುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ಪಸೆ ಹಿಡಿದು ತುಕ್ಕು ಬರಿಸುತ್ತದೆ. ಕುದುರೆ ಎಳೆದಿಡಬೇಡಿ, ಸ್ಪ್ರಿಂಗು ಸೋಲುತ್ತದೆ. ಕರಿಮದ್ದು ಹೊಡೆದ ನಳಿಗೆಯನ್ನು ಅಂದೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಒಳಗೆ ಉಳಿದ ಕಿಟ್ಟ ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಇನ್ನು ಆಯುಧಪೂಜೆ. ಪೂಜೆ ಬೇಡ ಎನ್ನುವ ಧೈರ್ಯ ನನಗಿಲ್ಲ. ಆದರೆ ನಳಿಗೆಯ ಮೇಲೆ ಹಸಿ ಕುಂಕುಮದ ಬೊಟ್ಟಿಟ್ಟು ದೀಪಾವಳಿ ತನಕ ಬಿಟ್ಟರೆ ಅದರಡಿ ಬೊಟ್ಟಿನಷ್ಟೇ ಅಗಲದ ತುಕ್ಕಿನ ಕುಳಿ ಬೀಳುತ್ತದೆ. ನಮ್ಮ ಕಡೆಯ ಎಷ್ಟೋ ಕೋವಿಗಳಲ್ಲಿ ಮೂರು ಮೂರು ಕುಳಿ ಸಾಲಾಗಿರುತ್ತವೆ. ಬೊಟ್ಟನ್ನು ಮರಕ್ಕಿಡಿ, ಹೂವನ್ನು ಪಟ್ಟಿಗೆ ಕಟ್ಟಿ, ಮಾರನೆಯ ದಿನ ಒರೆಸಿ.

ಕಾನೂನಿನ ಒಂದು ಮಾತು ಉಳಿದಿದೆ. ಹಳೆಯದು ಎಂಬ ಕಾರಣಕ್ಕೇ ಕೋವಿ ಲೈಸೆನ್ಸಿನಿಂದ ಪಾರಾಗುವುದಿಲ್ಲ. 1959ರ ಆಯುಧ ಕಾಯ್ದೆಯ 45ನೇ ಕಲಮು ಬಿಟ್ಟುಕೊಡುವುದು ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧವನ್ನು ಮಾತ್ರ. ಗುಜರಿಯಲ್ಲಿ ಕೇಪಿನ ಕೋವಿ ಸಿಕ್ಕಿತೆಂದು ಮನೆಗೆ ತಂದರೆ ಅದು ಅಕ್ರಮ ಆಯುಧವೇ. ಗುರಿ ಹೊಡೆಯುವ ಆಸೆ ತಡೆಯಲಾರದವರು .177 ಅಳತೆಯ, 20 ಜೂಲ್ ಮೀರದ ಏರ್‌ಗನ್ ಕೊಂಡು ಕಾಗದಕ್ಕೆ ಹೊಡೆಯಲಿ. ಅದಕ್ಕೆ ಲೈಸೆನ್ಸು ಬೇಡ. ಕೃಷ್ಣಮೃಗದ ಮೇಲೆ, ಕಾವಲಿನ ಹಕ್ಕಿಗಳ ಮೇಲೆ ಕಣ್ಣು ಹಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಆ ಬಾಗಿಲು ಮುಚ್ಚಿದೆ. ಮನೆಯ ಹಿರಿಯರು ತೀರಿಕೊಂಡಾಗ ಕೋವಿಯನ್ನು ಠಾಣೆಗೋ ಲೈಸೆನ್ಸಿರುವ ಡೀಲರಿಗೋ ಒಪ್ಪಿಸಿ ರಸೀದಿ ತಗೊಳ್ಳಿ, ಯಾರ ಹೆಸರಿಗೆ ಎಂಬುದನ್ನು ಅಣ್ಣತಮ್ಮಂದಿರು ಕೂತು ತೀರ್ಮಾನಿಸಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಹೊಲ ಹಂಚಿಕೊಂಡ ಮೇಲೆ ನೋಡೋಣ ಎಂದು ಬಿಟ್ಟರೆ ಕೋವಿ ಠಾಣೆಯ ಮೂಲೆಯಲ್ಲೇ ತುಕ್ಕು ಹಿಡಿಯುತ್ತದೆ.